ಏಳು ವಾರದ ದ್ರಾಕ್ಷಾರಸ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತೆಂಟಕ್ಕೆ ಮನುಷ್ಯರಿಗೆ ಬುದ್ಧಿ ಬಂದಿರಬೇಕು. ನನಗೆ ಮೊಣಕಾಲು ನೋವು ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ನಮ್ಮ ಊರು ವಾಡಿ. ರೈಲು ಹಳಿಯ ಪಕ್ಕದಲ್ಲಿ ಫರ್ಸಿ ಕಲ್ಲಿನ, ಅಂದರೆ ಹಾಸುಗಲ್ಲಿನ, ಸಣ್ಣ ಚರ್ಚು ಇದೆ. ಮೇಲೂ ಕಲ್ಲು, ಕೆಳಗೂ ಕಲ್ಲು. ಬೇಸಿಗೆಯಲ್ಲಿ ಒಳಗೆ ಕುಳಿತರೆ ರೊಟ್ಟಿಗೆ ಹಂಚಿನ ಮೇಲೆ ಏನಾಗುತ್ತದೆಂದು ಗೊತ್ತಾಗುತ್ತದೆ. ಇದ್ದ ಅಯ್ಯನವರಿಗೆ, ಅಂದರೆ ನಮ್ಮ ಪಾಸ್ಟರಿಗೆ, ವರ್ಗವಾಗಿ ಎಂಟು ತಿಂಗಳಾಗಿತ್ತು. ಹೊಸಬರು ಬಂದಿರಲಿಲ್ಲ. ಅಯ್ಯನವರಿಲ್ಲದೆ ಕರ್ತನ ಭೋಜನವಿಲ್ಲ. ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚುವ ಆ ಆರಾಧನೆ ನಿಂತೇ ಹೋಗಿತ್ತು. ಇಪ್ಪತ್ತು ವರ್ಷದಿಂದ ಅದಕ್ಕೆ ರಸ ಮಾಡಿ ಕೊಡುತ್ತಿದ್ದವಳು ನಾನು. ಶನಿವಾರ ದ್ರಾಕ್ಷಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಕಲಸಿಟ್ಟರೆ ಭಾನುವಾರ ಮುಗಿದುಹೋಗುತ್ತಿತ್ತು.

ಅಯ್ಯನವರು ಹೋದ ಮೇಲೆ ಚರ್ಚಿನಲ್ಲಿ ಇಬ್ಬರು ಹಿರಿಯರು ಉಳಿದರು. ಒಬ್ಬರು ಪೀಟರಪ್ಪ ಮಾಸ್ತರು, ಇನ್ನೊಬ್ಬರು ಸ್ಯಾಮುವೆಲಪ್ಪ. ಇಬ್ಬರ ನಡುವೆ ಒಂದು ಪಂಖಾ. ಯಾರೋ ಪುಣ್ಯಾತ್ಮರು ಚರ್ಚಿಗೆ ಗಾಳಿಯಾಡಲೆಂದು ಹೊಸ ಪಂಖಾ ಕೊಟ್ಟಿದ್ದರು. ಅದು ಉಪದೇಶ ಮಾಡುವ ಪ್ರಸಂಗ ಪೀಠದ ಮೇಲೆ ತಿರುಗಬೇಕೆಂದು ಮಾಸ್ತರು, ಜನರ ಮೇಲೆ ತಿರುಗಬೇಕೆಂದು ಸ್ಯಾಮುವೆಲಪ್ಪ. ಕಡೆಗೆ ಪಂಖಾ ಡಬ್ಬದಲ್ಲಿಯೇ ಉಳಿಯಿತು, ಇವರಿಬ್ಬರ ತಲೆ ಮಾತ್ರ ತಿರುಗಿತು. ಮಾಸ್ತರು ಬಾಗಿಲಿಗೆ ಒಂದು ಬೀಗ ಹಾಕಿದರು. ಸ್ಯಾಮುವೆಲಪ್ಪ ಅದರ ಪಕ್ಕದಲ್ಲಿ ಇನ್ನೊಂದು ಹಾಕಿದರು. ಇಬ್ಬರೂ ಬಂದರೆ ಆರಾಧನೆ ಒಳಗೆ, ಒಬ್ಬರು ಮುನಿಸಿಕೊಂಡರೆ ಮೆಟ್ಟಿಲ ಮೇಲೆ. ಎಂಟು ತಿಂಗಳಲ್ಲಿ ನಾವು ಹೆಚ್ಚಾಗಿ ಮೆಟ್ಟಿಲ ಮೇಲೇ ಪ್ರಾರ್ಥನೆ ಮಾಡಿದೆವು. ಬರುವವರೂ ಕಡಿಮೆಯಾದರು. ಆ ಇಬ್ಬರನ್ನೂ ಬೈದು ಬೈದು ನನ್ನ ಬಾಯಿಯೂ ಸೋತಿತ್ತು.

ಹೀಗಿರುವಾಗ ಮೇಲಿನಿಂದ ಪತ್ರ ಬಂತು. ಈ ಭಾಗದ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಅಯ್ಯನವರು ಬರುವ ಭಾನುವಾರ ಬರುತ್ತಾರೆ. ನಾವೆಲ್ಲ ಒಂದೇ ಮನಸ್ಸಿನಿಂದ ಕರ್ತನ ಭೋಜನಕ್ಕೆ ಕೂತರೆ ಹೊಸ ಅಯ್ಯನವರನ್ನು ಕಳಿಸುತ್ತಾರೆ. ಇಲ್ಲದಿದ್ದರೆ ವಾಡಿಯ ಚರ್ಚು ಮುಚ್ಚಿ ನಮ್ಮನ್ನು ಶಹಾಬಾದಿನ ಚರ್ಚಿಗೆ ಸೇರಿಸುತ್ತಾರೆ.

ಶಹಾಬಾದ ದೂರವೇನಲ್ಲ. ಆದರೆ ಗಾಡಿ ಹಿಡಿಯಲು ಸ್ಟೇಷನ್ನಿನ ಮೇಲುಸೇತುವೆ ಹತ್ತಿ ಇಳಿಯಬೇಕು. ನನ್ನ ಮೊಣಕಾಲು ಅದಕ್ಕೆ ಎಂದೋ ರಾಜೀನಾಮೆ ಕೊಟ್ಟಿತ್ತು. ವಾಡಿಯ ಬಾಗಿಲು ಮುಚ್ಚಿದರೆ ನನಗೆ ಚರ್ಚೇ ಇಲ್ಲ. ಸತ್ತಾಗ ನನ್ನ ಪೆಟ್ಟಿಗೆಯನ್ನು ಪ್ಯಾಸೆಂಜರ್ ಗಾಡಿಯಲ್ಲಿ ಒಯ್ಯುತ್ತಾರೇನು?

ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತೆ. "ಫಿಕರ್ ಮಾಡಬ್ಯಾಡ್ರಿ. ದೊಡ್ಡ ಅಯ್ನೋರು ಬಂದೇ ಬರ್ತಾರ. ನನಗ ದೇವರ ಮ್ಯಾಲ ಭರೋಸಾ ಅದ. ನಾ ರಸ ಮಾಡಿಡ್ತೀನಿ" ಎಂದು ಸಾರಿದೆ. ಎಲ್ಲರೂ ಆಮೆನ್ ಅಂದರು. ಆ ಆಮೆನ್ ನನ್ನ ತಲೆಗೇರಿತು.

ಶನಿವಾರ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ತುಂಬ ರಸ ಮಾಡಿದೆ. ಭಾನುವಾರ ದೊಡ್ಡ ಅಯ್ಯನವರು ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವಂತೆ, ಮುಂದಿನ ವಾರ ಬರುತ್ತಾರಂತೆ.

ನನ್ನ ಯಜಮಾನರು ದಾನಪ್ಪ. ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿ ನಿವೃತ್ತರಾದವರು. ಚರ್ಚಿಗೆ ಬರುತ್ತಾರೆ, ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡಲು. "ಏ, ಆ ರಸ ಕುಡದು ಬಿಡೂಣು ತಗೋ" ಎಂದರು.

"ಮುಟ್ಟಿದ್ರ ನೋಡ್ರಿ. ಅದು ಕರ್ತನದು."

"ಮುಂದಿನ ವಾರ ಮತ್ತ ಮಾಡು."

"ಇದನ್ನ ಚೆಲ್ಲಿದ್ರ ಅಯ್ನೋರು ಬರೂದಿಲ್ಲಂತ ನಾನೇ ಸಹಿ ಹಾಕಿ ಕೊಟ್ಟಂಗ ಆಗ್ತದ. ಅವರು ಬರೂತನ ಇದು ಇಲ್ಲೇ ಇರ್ತದ. ಭರೋಸಾ ಅಂದ್ರ ಅದು."

"ಗಾಡಿ ಹಿಂದಿನ ಸ್ಟೇಷನ್ ಬಿಡೂದ್ಕಿಂತ ಮೊದಲ ನೀ ಸಿಗ್ನಲ್ ಕೊಟ್ಟೀದಿ" ಎಂದರು ಯಜಮಾನರು. ಮೂವತ್ತೈದು ವರ್ಷ ರೈಲ್ವೆಯಲ್ಲಿ ದುಡಿದವರು, ಅವರಿಗೆ ಬೇರೆ ಭಾಷೆ ಬರುವುದಿಲ್ಲ. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಕ್ಕದ ಮನೆಯ ಖಾಜಾಬಿ ಒಳ್ಳೆಯವಳು. "ಅಕ್ಕಾ, ನಮ್ಮ ಫ್ರಿಜ್ಜಿನ್ಯಾಗ ಜಾಗಾ ಅದ. ಅಲ್ಲಿ ಇಡು. ಈ ಬಿಸಿಲಿಗಿ ಉಳಿಯೂದಿಲ್ಲ ಅದು" ಎಂದಳು.

ನಾನು ಆಕೆಯನ್ನು ಕನಿಕರದಿಂದ ನೋಡಿದೆ. "ನಂಬಿಕಿಗಿ ಫ್ರಿಜ್ ಯಾಕ ಬೇಕವಾ?"

ಇಂಥ ಮಾತು ಬಾಯಿಂದ ಬಂದಾಗ ಯಾರಾದರೂ ನನ್ನ ಕಪಾಳಕ್ಕೆ ಹಾಕಬೇಕಿತ್ತು. ಯಾರೂ ಹಾಕಲಿಲ್ಲ!

ಎರಡನೆಯ ಭಾನುವಾರವೂ ದೊಡ್ಡ ಅಯ್ಯನವರು ಬರಲಿಲ್ಲ. ಸೇಡಂ ಕಡೆ ಏನೋ ಮದುವೆಯಂತೆ. ರಸ ನಾಲಿಗೆಗೆ ಹಚ್ಚಿ ನೋಡಿದೆ. ಸ್ವಲ್ಪ ಹುಳಿ. ಎರಡು ಮುಷ್ಟಿ ಸಕ್ಕರೆ ಹಾಕಿದೆ. ಮೂರನೆಯ ವಾರ ಚಿಂಚೋಳಿಯಲ್ಲಿ ಎರಡು ಕುಟುಂಬಗಳ ರಾಜಿಯಂತೆ. ರಸ ಇನ್ನೂ ಹುಳಿ. ಇನ್ನೂ ಸಕ್ಕರೆ ಹಾಕಿದೆ. ನಾಲ್ಕನೆಯ ವಾರ ಕ್ಯಾನಿನೊಳಗಿಂದ ಗುಳುಗುಳು ಸಪ್ಪಳ ಬರಲಿಕ್ಕೆ ಹತ್ತಿತು. ಧೂಳು ಬಿದ್ದಿರಬೇಕೆಂದು ಮುಚ್ಚಳವನ್ನು ಜೀವ ಬಿಟ್ಟು ತಿರುವಿ, ಮೇಲೆ ಬಟ್ಟೆ ಸುತ್ತಿ, ತಂತಿ ಬಿಗಿದೆ. ಸಪ್ಪಳ ನಿಂತಿತು. ದೇವರಿಗೆ ಸ್ತೋತ್ರ ಹೇಳಿದೆ.

ಐದನೆಯ ವಾರ ಸದರಿ ಕ್ಯಾನಿಗೆ ಹೊಟ್ಟೆ ಬಂತು.

ಉಬ್ಬಿದ್ದನ್ನು ನೋಡಿ ನನಗೆ ಭಯವಾಗಲಿಲ್ಲ, ಸಂತೋಷವಾಯಿತು. ದೇವರು ಆಶೀರ್ವದಿಸಿ ಹೆಚ್ಚಿಸುತ್ತಿದ್ದಾನೆ ಎಂದುಕೊಂಡೆ! ಯಜಮಾನರು ಮಾತ್ರ ಕ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ ದಿನಾ ತುಂಬ್ಯಾವ. ದವಾಖಾನಿಗಿ ಒಯ್ಯಿ" ಎಂದರು.

ಖಾಜಾಬಿ ಬಾಗಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ತೋಬಾ ತೋಬಾ! ಅಕ್ಕಾ, ನಿಮ್ಮ ಮನಿಯಾಗ ಇದೇನ್ ವಾಸನಿ?"

"ಏನ್ ವಾಸನಿ? ನನಗೇನೂ ಬರವಲ್ದು."

ಬರುವುದಾದರೂ ಹೇಗೆ? ವಾಡಿಯ ಸಿಮೆಂಟು ಕಾರ್ಖಾನೆಯ ಧೂಳಿಗೆ ನನ್ನ ಮೂಗು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸತ್ತ ಮೂಗು, ಸಾಯದ ಹಟ. ಎರಡೂ ಒಂದೇ ಮುಖದಲ್ಲಿದ್ದವು.

ನಿಜ ಹೇಳಬೇಕೆಂದರೆ ಆರನೆಯ ವಾರದ ಹೊತ್ತಿಗೆ ನಾನು ದಣಿದಿದ್ದೆ. ಮೆಟ್ಟಿಲ ಮೇಲೆ ಪ್ರಾರ್ಥನೆಗೆ ಬಂದವರು ನಾಲ್ವರು. ಅದರಲ್ಲಿ ಒಬ್ಬರು ನಮ್ಮ ಯಜಮಾನರು, ಅವರೂ ಗೋಡೆಗೆ ಒರಗಿ ಮಲಗಿದ್ದರು. ಮೊಣಕಾಲೂರಲು ಆಗದೆ ನಿಂತುಕೊಂಡೇ ಕೇಳಿದೆ. "ಯಪ್ಪಾ ದೇವರೇ, ಬರೂದಿದ್ರ ಕಳಸು, ಇಲ್ಲಂದ್ರ ಇಲ್ಲಂತ ಹೇಳು. ಕಾಯ್ಲಿಕ್ಕಿ ನನ್ನ ಕೈಲಿ ಆಗವಲ್ದು." ಮನೆಗೆ ಬಂದು ಕ್ಯಾನು ಒರೆಸಿಟ್ಟೆ.

ಏಳನೆಯ ಶನಿವಾರ ಸಂಜೆ ಫೋನು ಬಂತು. ನಾಳೆ ದೊಡ್ಡ ಅಯ್ಯನವರು ಖಂಡಿತ ಬರುತ್ತಾರೆ!

ದ್ರಾಕ್ಷಿಯ ಕಾಲ ಮುಗಿದಿತ್ತು. ಮುಗಿಯದಿದ್ದರೂ ನಾನು ಬೇರೆ ರಸ ಮಾಡುತ್ತಿರಲಿಲ್ಲ. ಏಳು ವಾರ ಕಾದ ರಸವನ್ನು ಮನೆಯಲ್ಲಿ ಬಿಟ್ಟು ಹೋಗಲೇನು? ಬೆಳಿಗ್ಗೆ ಕ್ಯಾನನ್ನು ಮಗುವಿನಂತೆ ಸೊಂಟದ ಮೇಲೆ ಹೊತ್ತು ನಡೆದೆ. ದಾರಿಯುದ್ದಕ್ಕೂ ಅದು ಒಳಗಿನಿಂದ ಗುದ್ದುತ್ತಿತ್ತು.

ಮಾಸ್ತರು ತಮ್ಮ ಬೀಗ ತೆಗೆದರು. ಸ್ಯಾಮುವೆಲಪ್ಪ ಬರಲು ಅರ್ಧ ತಾಸು ಹೆಚ್ಚಾಯಿತು. ಅಷ್ಟರಲ್ಲಿ ದೊಡ್ಡ ಅಯ್ಯನವರು ಬಂದು ಬಿಸಿಲಲ್ಲಿ ನಿಂತಿದ್ದರು. ಹೀಗಾಗಿ ರಸವನ್ನು ಸಣ್ಣ ಗಾಜಿನ ಲೋಟಗಳಿಗೆ ಮೊದಲೇ ಹಾಕಿಡಲು ಹೊತ್ತು ಸಿಗಲಿಲ್ಲ. ಕ್ಯಾನನ್ನೇ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟೆ. ಚರ್ಚು ತುಂಬಿತ್ತು. ಮುಚ್ಚುತ್ತಾರೆಂದ ಮೇಲೆ ಎಲ್ಲರಿಗೂ ಚರ್ಚಿನ ನೆನಪು ಬಂದಿತ್ತು. ಬಲಗಡೆ ಮಾಸ್ತರ ಕಡೆಯವರು, ಎಡಗಡೆ ಸ್ಯಾಮುವೆಲಪ್ಪನ ಕಡೆಯವರು. ನಡುವೆ ಪಂಖಾದ ಡಬ್ಬ.

ದೊಡ್ಡ ಅಯ್ಯನವರು ಉದ್ದನೆಯ ಬಿಳಿ ನಿಲುವಂಗಿ ತೊಟ್ಟಿದ್ದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಐಕ್ಯದ ಬಗ್ಗೆ ಪ್ರಸಂಗ ಮಾಡಿದರು. ಆಮೇಲೆ ಮಾಸ್ತರನ್ನೂ ಸ್ಯಾಮುವೆಲಪ್ಪನನ್ನೂ ಮುಂದೆ ಕರೆದು ಮೇಜಿನ ಎರಡೂ ಬದಿಗೆ ನಿಲ್ಲಿಸಿದರು. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಇನ್ನು ಐದು ನಿಮಿಷ. ಇವರಿಬ್ಬರೂ ಒಂದೇ ಮೇಜಿನಿಂದ ತೆಗೆದುಕೊಂಡರೆ ಸಾಕು, ನನ್ನ ಚರ್ಚು ಉಳಿಯುತ್ತದೆ.

"ದ್ರಾಕ್ಷಾರಸ ಹಾಕ್ರಿ ತಾಯಿ" ಎಂದರು ದೊಡ್ಡ ಅಯ್ಯನವರು.

ತಂತಿ ಬಿಚ್ಚಿದೆ, ಬಟ್ಟೆ ಬಿಚ್ಚಿದೆ. ಮುಚ್ಚಳ ಅಲ್ಲಾಡಲಿಲ್ಲ. ಸೆರಗು ಸುತ್ತಿ ತಿರುವಿದೆ. ಇಲ್ಲ. ಮಾಸ್ತರು ತಿರುವಿದರು. ಇಲ್ಲ. ಮಾಸ್ತರಿಂದ ಆಗದ್ದನ್ನು ಮಾಡಿ ತೋರಿಸಲು ಸ್ಯಾಮುವೆಲಪ್ಪ ತಿರುವಿದರು. ಊಹೂಂ.

"ಕೊಡ್ರಿ ಇಲ್ಲಿ" ಎಂದರು ದೊಡ್ಡ ಅಯ್ಯನವರು. ಅವರು ಆಳು ಎತ್ತರ, ಕೈ ಗಟ್ಟಿ. ಕ್ಯಾನನ್ನು ಎದೆಗೆ ಅವಚಿಕೊಂಡು ಒಂದೇ ಸಲ ತಿರುವಿದರು.

ಢಬ್!

ಮುಚ್ಚಳ ಮೇಲಿನ ಕಲ್ಲಿಗೆ ಬಡಿದು, ಕಾಣಿಕೆ ತಟ್ಟೆಯಲ್ಲಿ ಠಣ್ಣೆಂದು ಬಿತ್ತು. ಅದರ ಹಿಂದೆಯೇ ರಸ! ದೊಡ್ಡ ಅಯ್ಯನವರ ಮುಖ, ನಿಲುವಂಗಿ, ಮಾಸ್ತರ ಅಂಗಿ, ಸ್ಯಾಮುವೆಲಪ್ಪನ ಅಂಗಿ, ಮೇಜಿನ ಬಟ್ಟೆ, ನೆಲ, ಗೋಡೆ. ಯಾರಿಗೂ ಪಕ್ಷಪಾತವಿಲ್ಲ.

ಕೊನೆಯ ಬೆಂಚಿನಲ್ಲಿ ಮಲಗಿದ್ದ ನಮ್ಮ ಯಜಮಾನರು ಧಡಕ್ಕನೆ ಎದ್ದರು. ರೈಲ್ವೆಯಲ್ಲಿ ಅಪಾಯವಿದ್ದಾಗ ಗಾಡಿ ನಿಲ್ಲಿಸಲು ಹಳಿಯ ಮೇಲೆ ಪಟಾಕಿ ಇಡುತ್ತಾರೆ. ಇವರಿಗೆ ಆ ಸಪ್ಪಳವೇ ಅನ್ನಿಸಿತು. ಎರಡೂ ಕೈ ಮೇಲೆತ್ತಿ, "ಗಾಡಿ ನಿಲ್ಲಸ್ರೀ!" ಎಂದು ಕೂಗಿದರು.

ಗಾಡಿ ನಿಂತೇ ಇತ್ತು. ಇಡೀ ಸಭೆ ನಿಂತಿತ್ತು. ಆಮೇಲೆ ವಾಸನೆ ಹಬ್ಬಿತಂತೆ. ಹೆಂಗಸರು ಸೆರಗು ಮೂಗಿಗೆ ಒಯ್ದರು. ಗಂಡಸರು ಕೆಲವರು ಮೂಗು ಮುಚ್ಚಲಿಲ್ಲ, ಇನ್ನೂ ಸ್ವಲ್ಪ ಮುಂದೆ ಬಂದರು. ಅದನ್ನೂ ನಾನು ಗಮನಿಸಿದೆ.

ದೊಡ್ಡ ಅಯ್ಯನವರು ಕಣ್ಣು ಒರೆಸಿಕೊಂಡರು. "ತಾಯಿ, ಇದು ಯಾವಾಗ ಮಾಡಿದ್ದು?"

"ನೀವು ಮೊದಲ್ನೇ ಸಲ ಬರ್ತೀನಂದಾಗ್ರಿ."

"ಅದು ಏಳು ವಾರ ಆತಲ್ಲ!"

"ಭರೋಸಾ ಇಟ್ಟಿದ್ನಿರಿ."

ಅವರು ನಿಲುವಂಗಿಯ ತೋಳು ಹಿಂಡಿದರು. "ಭರೋಸಾ ದೇವರ ಮ್ಯಾಲ ಇಡ್ರಿ, ತಾಯಿ. ರಸ ಫ್ರಿಜ್ಜಿನ್ಯಾಗ ಇಡ್ರಿ" ಎಂದರು.

ಆಗ ಮಾಸ್ತರೂ ಸ್ಯಾಮುವೆಲಪ್ಪನೂ ತಮ್ಮ ತಮ್ಮ ಅಂಗಿ ನೋಡಿಕೊಂಡು, ನನ್ನತ್ತ ಬೆರಳು ತೋರಿಸಿ, ಒಂದೇ ಉಸಿರಿನಲ್ಲಿ ಕೂಗಿದರು. "ಎಲ್ಲಾ ಈಕಿದೇ ತಪ್ಪು!"

ಕೂಗಿದ ಮೇಲೆ ಇಬ್ಬರಿಗೂ ಗಾಬರಿಯಾಯಿತು. ಹತ್ತು ತಿಂಗಳಲ್ಲಿ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ದೊಡ್ಡ ಅಯ್ಯನವರು ಇದನ್ನು ಬಿಡಲಿಲ್ಲ.

"ಇವತ್ತು ಭೋಜನ ಆಗೂದಿಲ್ಲ. ಮುಂದಿನ ತಿಂಗಳ ಮತ್ತ ಬರ್ತೀನಿ. ಅಲ್ಲಿತನ ನಾ ಮ್ಯಾಲಿನವರಿಗಿ ಏನೂ ಬರಿಯೂದಿಲ್ಲ. ಆದ್ರ ಬಾಗಿಲಿಗಿ ಒಂದೇ ಕೀಲಿ ಇರಬೇಕು. ಕೀಲಿಕೈ ಯಾರ ಕೈಯಾಗ ಕೊಡೂಣು? ಈ ತಾಯಿ ಕೈಯಾಗ ಕೊಡೂಣೇನು?"

"ಈಕಿ ಕೈಯಾಗ ಬ್ಯಾಡ್ರೀ!" ಎರಡನೆಯ ಸಲವೂ ಇಬ್ಬರದು ಒಂದೇ ಮಾತು. ಈ ಸಲ ಎರಡೂ ಬದಿಯ ಬೆಂಚುಗಳಿಂದ ಆಮೆನ್ ಬಂತು!

ಕಡೆಗೆ ಕೀಲಿಕೈ ಸಿಕ್ಕಿದ್ದು ನಮ್ಮ ಯಜಮಾನರಿಗೆ. ಯಾರ ಪಕ್ಷದಲ್ಲೂ ಇರದ, ಯಾವ ಪ್ರಸಂಗವನ್ನೂ ಪೂರ್ತಿ ಕೇಳದ, ಏಳು ವಾರ ನನ್ನ ಭರೋಸಾಕ್ಕೆ ನಕ್ಕ ದಾನಪ್ಪನವರಿಗೆ! ಅದನ್ನು ಉಡದಾರಕ್ಕೆ ಕಟ್ಟಿಕೊಂಡು ಸ್ಟೇಷನ್ ಮಾಸ್ತರ ಹಾಗೆ ನಡೆದುಹೋದರು.

ಚರ್ಚು ಮುಚ್ಚಲಿಲ್ಲ. ದೊಡ್ಡ ಅಯ್ಯನವರು ಮುಂದಿನ ತಿಂಗಳು ಬಂದರು, ಖಾಜಾಬಿಯ ಫ್ರಿಜ್ಜಿನಿಂದ ಒಣದ್ರಾಕ್ಷಿಯ ರಸ ಬಂತು, ಎಲ್ಲರೂ ತೆಗೆದುಕೊಂಡರು. ಹೊಸ ಅಯ್ಯನವರು ಬಂದದ್ದು ಅದಕ್ಕೂ ಎರಡು ತಿಂಗಳ ಮೇಲೆ. ಬಂದ ದಿನವೇ ಪಂಖಾ ಹಾಕಿಸಿದರು, ಪೀಠಕ್ಕೂ ಅಲ್ಲ, ಜನಕ್ಕೂ ಅಲ್ಲ, ನಟ್ಟ ನಡುವೆ. ದೇವರು ತನಗೆ ಬೇಕಾದ ಹೊತ್ತಿಗೆ ಕಳಿಸಿದ. ನನ್ನ ಕ್ಯಾನನ್ನು ಕೇಳಿ ಕಳಿಸಲಿಲ್ಲ. ನಾನು ಏಳು ವಾರ ನಂಬಿಕೆ ಎಂದು ಕಾಯ್ದಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮಾತು ನಡೆಯಲೇಬೇಕೆಂಬ ಹಟ. ಹುಳಿ ಬಂದಾಗಲೆಲ್ಲ ಅದಕ್ಕೆ ಸಕ್ಕರೆ ಹಾಕಿದವಳೂ ನಾನೇ.

ಆದರೆ ಇದೆಲ್ಲ ಆಮೇಲಿನ ಮಾತು. ಢಬ್ ಎಂದ ಮರುದಿನ ಮುಂಜಾನೆ ನಾನು ಎದ್ದು, ಚರ್ಚು ತೊಳೆಯಬೇಕೆಂದು ಯಜಮಾನರ ಮುಂದೆ ಕೈಯೊಡ್ಡಿದೆ.

"ಯಾಕ ಬೇಕು ಕೀಲಿಕೈ? ಅರ್ಜಿ ಬರದು ಕೊಡು" ಎಂದರು.

ಅರ್ಜಿ ಬಾಯಿಂದಲೇ ಕೊಟ್ಟೆ. ಇಲ್ಲಿ ಬರೆಯುವಂಥದ್ದಲ್ಲ. ಕೀಲಿಕೈ ಸಿಕ್ಕಿತು. ಬಕೆಟ್ಟು, ಕಸಬರಿಗೆ ಹಿಡಿದು ಹೋಗಿ ಬಾಗಿಲು ತೆಗೆದೆ.

ಒಳಗೆ ಇರುವೆಗಳು. ಮಾಸ್ತರ ಬದಿಯ ಬೆಂಚಿನ ಕೆಳಗಿನಿಂದ ಒಂದು ಸಾಲು, ಸ್ಯಾಮುವೆಲಪ್ಪನ ಬದಿಯಿಂದ ಒಂದು ಸಾಲು. ಮೇಜಿನ ಹತ್ತಿರ ಎರಡೂ ಸೇರಿ ಒಂದಾಗಿ, ಜಗಳವಿಲ್ಲದೆ, ತಳ್ಳಾಟವಿಲ್ಲದೆ, ನಾನು ಮಾಡಿದ ರಸಕ್ಕೆ ಬಾಯಿ ಹಚ್ಚಿದ್ದವು. ಹತ್ತು ತಿಂಗಳಲ್ಲಿ ಅಷ್ಟು ದೊಡ್ಡ ಸಭೆಯನ್ನು ನಾನು ಕಂಡಿರಲಿಲ್ಲ.

ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಆಮೇಲೆ ನಾನೇ ಆಶೀರ್ವಾದ ಹೇಳಿ, ಕಸಬರಿಗೆಯಿಂದ ಸಭೆ ಮುಗಿಸಿದೆ.