ಸದ್ದಿಲ್ಲದ ಪಂಪು, ಒಂಬತ್ತು ಬಾರ್ ಪ್ರೆಶರು

ಒಬ್ಬೊಬ್ಬರಿಗೆ ಒಂದೊಂದು ಶಬ್ದ ಆಗಿಬರುವುದಿಲ್ಲ. ನಮ್ಮ ಸೋದರಮಾವನ ಎದುರು ಯಾರಾದರೂ ‘ಸರ್ವೆ’ ಎಂದರೆ ಸಾಕು, ಪಾಮನಕಲ್ಲೂರಿನ ಹೊಲದ ಬದು ನೆನಪಾಗಿ ಅರ್ಧ ಊಟಕ್ಕೆ ಎದ್ದುಬಿಡುತ್ತಾರೆ. ನನಗೆ ಆಗಿಬರದ ಶಬ್ದ ‘ಪ್ರೆಶರ್’. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡುವ ಪ್ರೆಶರ್ ಅಲ್ಲ. ಅದು ಸದ್ಯಕ್ಕೆ ನೆಟ್ಟಗಿದೆ, ಏರಿದರೆ ಈ ಇನ್ನೊಂದರಿಂದಲೇ ಏರಬೇಕು. ನಾನು ಮಸ್ಕಿಯಲ್ಲಿ ಮನೆಮನೆಗೆ ನಳದ ನೀರು ಬಿಡುವ ಕಚೇರಿಯ ಜೂನಿಯರ್ ಇಂಜಿನಿಯರ್. ಹಲ್ಲುಜ್ಜುವ ಮೊದಲೇ ಫೋನು: “ಸಾಹೇಬ್ರ, ನಳದಾಗ ಪ್ರೆಶರ್ ಇಲ್ರೀ.” ಕಟಿಂಗ್ ಅಂಗಡಿಯಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕುತ್ತಿಗೆ ಒಡ್ಡಿ ಕೂತಾಗ ಹಿಂದಿನ ಬೆಂಚಿನಿಂದ: “ಪ್ರೆಶರ್ ಯಾವಾಗ ಕೊಡ್ತೀರಿ?” ಒಮ್ಮೆ ಪರಿಚಯದ ಹಿರಿಯರೊಬ್ಬರ ಮಣ್ಣಿಗೆ ಹೋಗಿದ್ದೆ. ಹೆಣದ ತಲೆದೆಸೆಯಲ್ಲಿ ಕೂತು ಅಳುತ್ತಿದ್ದ ಮಗ ನನ್ನನ್ನು ಕಂಡವನೇ ಕಣ್ಣೊರೆಸಿಕೊಂಡು, “ಅಪ್ಪ ಕಡೀತನಕ ಅದನ್ನ ಅಂತಿದ್ರು ನೋಡ್ರಿ, ಮ್ಯಾಲಿನ ಓಣಿಗೆ ಪ್ರೆಶರ್ ಇಲ್ಲ ಅಂತ” ಎಂದ. ಅಲ್ಲಿಂದ ಹೇಗೆ ಎದ್ದು ಬಂದೆನೋ ನನಗೇ ಗೊತ್ತಿಲ್ಲ.

ಇಂಥ ನಾನು ಮನೆಯಲ್ಲಿ ಪ್ರೆಶರನ್ನು ಬೇಕಾದ ಹಾಗೆ ಏರಿಸಿ ಇಳಿಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದೇನೆ ಎಂದರೆ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಅದು ಕಾಫಿಯ ಯಂತ್ರ. ಇಲಾಖೆಯ ತರಬೇತಿಗೆಂದು ಮೂರು ವಾರ ಮೈಸೂರಿಗೆ ಹೋಗಿದ್ದಾಗ ಹಾಸ್ಟೆಲಿನ ಪಕ್ಕದ ಅಂಗಡಿಯಲ್ಲಿ ಎಸ್ಪ್ರೆಸೊ ಕುಡಿದೆ. ಮೊದಲ ದಿನ ಕಷಾಯ ಅನ್ನಿಸಿತು, ಮೂರನೆಯ ದಿನ ಚಟವಾಯಿತು. ನುಣ್ಣಗೆ ಬೀಸಿದ ಪುಡಿಯನ್ನು ಹಿಡಿಕೆಯ ಬಟ್ಟಲಿನಲ್ಲಿ ಒತ್ತಿ ತುಂಬಿ, ಬಿಸಿನೀರನ್ನು ಜೋರಾಗಿ ಅದರೊಳಗೆ ನುಗ್ಗಿಸಿದರೆ ಅರ್ಧ ನಿಮಿಷದಲ್ಲಿ ಎರಡು ಗುಟುಕಿನಷ್ಟು ಗಟ್ಟಿ ಕಾಫಿ ಇಳಿಯುತ್ತದೆ. ಆ ಜೋರಿನ ಅಳತೆಗೆ ಬಾರ್ ಎನ್ನುತ್ತಾರೆ. ಕಾಫಿಗೆ ಬೇಕಾದದ್ದು ಒಂಬತ್ತು ಬಾರ್. ನಮ್ಮ ಓಣಿಯ ನಳದಲ್ಲಿ ಒಂದು ಬಾರ್ ಬಂದ ದಿನ, ವಾಲ್ವು ತಿರುಗಿಸಿ ನೀರು ಬಿಡುವ ನಮ್ಮ ವಾಲ್‌ಮನ್ ದುರ್ಗಪ್ಪ ಮೀಸೆಗೆ ಕೈ ಹಾಕಿಕೊಂಡು ತಿರುಗುತ್ತಾನೆ.

ಮೊದಲು ತಂದದ್ದು ಸಾದಾ ಯಂತ್ರ. ಗುಂಡಿ ಒತ್ತಿದರೆ ಗುರ್‍ರ್ ಎಂದು ಹೂಂಕರಿಸಿ ಇದ್ದಬದ್ದ ಪ್ರೆಶರನ್ನೆಲ್ಲ ಒಮ್ಮೆಲೇ ಪುಡಿಯ ಮೇಲೆ ಸುರಿಯುತ್ತಿತ್ತು. ನೀರು ಪುಡಿಯಲ್ಲಿ ಎಲ್ಲೋ ಒಂದು ಸಂದು ಹುಡುಕಿ ಅಲ್ಲಿಂದಲೇ ಓಡಿಹೋಗುತ್ತಿತ್ತು. ಕಾಫಿ ಒಂದು ದಿನ ಹುಳಿ, ಒಂದು ದಿನ ಕಹಿ. ಸಂತೆಕಲ್ಲೂರಿನ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಸುಜಾತಾ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಗುಟುಕು ಕುಡಿದು, “ರೀ, ಇದಕ್ಕಿಂತ ಚಾಚಿ ಮನೀ ಚಹಾ ಅಡ್ಡಿಯಿಲ್ಲ” ಎನ್ನುತ್ತಿದ್ದಳು. ಚಾಚಿ ಎಂದರೆ ಗೋಡೆಯಾಚೆಯ ಮನೆಯ ಖಾಜಾಬಿ ಚಾಚಿ. ಆಕೆಗೂ ನನಗೂ ಒಂದು ಹಳೆಯ ಲೆಕ್ಕವಿತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ನೀರೆಳೆಯುವುದು ನಮ್ಮಲ್ಲಿ ತಪ್ಪು. ಒಬ್ಬರು ಹಚ್ಚಿದರೆ ಮುಂದಿನ ಹತ್ತು ಮನೆಯ ನಳದಲ್ಲಿ ಬರೀ ಗಾಳಿ ಬುಸುಗುಡುತ್ತದೆ. ಆದ್ದರಿಂದ ನೀರು ಬಿಡುವ ದಿನ ಬೆಳಗಿನ ಆರು ಗಂಟೆಗೆ ನಾನು ಮತ್ತು ದುರ್ಗಪ್ಪ ಓಣಿಯಲ್ಲಿ ಕಿವಿ ನಿಗುರಿಸಿಕೊಂಡು ಅಡ್ಡಾಡುತ್ತೇವೆ. ಎಲ್ಲಿ ಗುರ್‍ರ್ ಎಂದಿತೋ ಅಲ್ಲಿ ಬಾಗಿಲು ಬಡಿದು ಮೋಟರ್ ಕಿತ್ತು ತರುತ್ತೇವೆ. ಹಾಗೆ ಕಿತ್ತು ತಂದದ್ದರಲ್ಲಿ ಚಾಚಿಯ ಮೋಟರೂ ಒಂದು. “ಬೇಟಾ, ಬಾಜೂ ಮನಿಯವ್ರು ಅಂತ ಸ್ವಲ್ಪನೂ ಖಯಾಲ್ ಇಲ್ಲೇನು?” ಎಂದು ಕೇಳಿದರು. ನಾನು ದೊಡ್ಡ ಮನುಷ್ಯನಂತೆ “ಕಾನೂನು ಎಲ್ಲಾರಿಗೂ ಒಂದ ಚಾಚಿ” ಎಂದೆ. ಆ ವರ್ಷ ರಂಜಾನ್ ಹಬ್ಬಕ್ಕೆ ನಮ್ಮ ಮನೆಗೆ ಶಾವಿಗೆಯ ಸುರಕುಂಬಾ ಪಾಯಸ ಬರಲಿಲ್ಲ. ಬಾರದಿದ್ದದ್ದಕ್ಕೆ ನನಗೆ ನಿಜವಾಗಿಯೂ ದುಃಖವಾಯಿತು.

ಈಗ ನೀವೇ ಯೋಚಿಸಿ. ಓಣಿಯ ಮೋಟರನ್ನೆಲ್ಲ ಕಿತ್ತ ಮನುಷ್ಯನ ಅಡುಗೆಮನೆಯಿಂದ ನೀರು ಬರುವ ಹೊತ್ತಿಗೇ ಗುರ್‍ರ್ ಎಂಬ ಸದ್ದು! “ಏನದು ಸಪ್ಪಳ?” ಎಂದು ಚಾಚಿ ಒಂದೆರಡು ಸಲ ಗೋಡೆಯಾಚೆಯಿಂದ ಕೇಳಿದ್ದರು. “ಮಿಕ್ಸರ್ ಚಾಚಿ” ಎಂದೆ. ಕಾಫಿ ಯಂತ್ರ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳದಿರಲು ಒಂದು ಕಾರಣವಿತ್ತು, ಅದು ಇನ್ನೂ ನಾಚಿಕೆಗೇಡಿನದು. ಯಂತ್ರಕ್ಕೆ ನಾನು ಹಾಕುತ್ತಿದ್ದದ್ದು ನಳದ ನೀರಲ್ಲ, ಕ್ಯಾನ್ ನೀರು. ನಮ್ಮ ನೀರು ಕುಡಿದವರಿಗೆ ಏನೂ ಆಗುವುದಿಲ್ಲ, ಆದರೆ ಕೊಂಚ ಸವಳು. ಯಂತ್ರದ ಹೊಟ್ಟೆಯಲ್ಲಿ ಬಿಳಿ ಪದರು ಕಟ್ಟುತ್ತದೆ, ಕಾಫಿಯ ರುಚಿ ಕೆಡುತ್ತದೆ. ಊರಿಗೆಲ್ಲ ನೀರು ಕುಡಿಸುವವನೇ ಬೇರೆ ನೀರು ತರಿಸುತ್ತಾನೆಂದು ಗೊತ್ತಾದರೆ ಮುಖ ಎಲ್ಲಿಡುವುದು? ಆದ್ದರಿಂದ ಕ್ಯಾನಿಗೆ ಸುಜಾತಾಳ ಹಳೆಯ ದುಪಟ್ಟಾ ಹೊದಿಸಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೆ.

ಸದ್ದಿನ ಕಾಟ ತಪ್ಪಲಿ ಎಂದೇ ಹೊಸ ಯಂತ್ರ ತರಿಸಿದ್ದು ಎಂದು ಹೆಂಡತಿಗೆ ಹೇಳಿದೆ. ಸುಳ್ಳು. ಆಸೆ ಹುಟ್ಟಿಸಿದವನು ಗೊರೇಬಾಳದ ನನ್ನ ಗೆಳೆಯ. ಭತ್ತದ ಗದ್ದೆಗಳ ನಡುವೆ ಮನೆ ಕಟ್ಟಿಕೊಂಡು ನನ್ನಂತೆಯೇ ಕಾಫಿಯ ಹುಚ್ಚು ಹಿಡಿಸಿಕೊಂಡಿರುವ ಮನುಷ್ಯ. “ಹೊಸಾದ್ರಾಗ ಪ್ರೆಶರ್ ನಿನ್ನ ಕೈಯಾಗ ಇರ್ತೈತಲೇ” ಎಂದ. ಆ ಮಾತು ನೇರವಾಗಿ ನನ್ನ ಎದೆಗೆ ನಾಟಿತು. ಹನ್ನೆರಡು ವರ್ಷದ ನೌಕರಿಯಲ್ಲಿ ಪ್ರೆಶರ್ ಒಂದು ದಿನವೂ ನನ್ನ ಕೈಯಲ್ಲಿರಲಿಲ್ಲ. ಕೊರಿಯರ್ ಸಿಂಧನೂರಿನ ಆಚೆ ಬರುವುದಿಲ್ಲ ಎಂದದ್ದಕ್ಕೆ ನಾನೇ ಹೋಗಿ ಬಸ್ಸಿನಲ್ಲಿ ತಂದೆ. ಪೆಟ್ಟಿಗೆ ಹೊರಲಾರದಷ್ಟು ಭಾರ. ಕಂಡಕ್ಟರ್ ಬಗ್ಗಿ ನೋಡಿ, ಮೇಲೆ ಬರೆದಿದ್ದ ‘ಪಂಪ್’ ಎಂಬ ಒಂದೇ ಶಬ್ದ ಓದಿಕೊಂಡು, ಮಸ್ಕಿ ಬಂದಾಗ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ: “ಮೋಟರ್ ಲಗೇಜಿನವ್ರು ಯಾರ್ರೀ? ಇಳೀರಿ ಲಗೂನ!” ನಾನು ತಲೆ ತಗ್ಗಿಸಿ ಇಳಿದೆ. ಬಸ್ಸಿನಲ್ಲಿ ನಮ್ಮ ಓಣಿಯವರು ನಾಲ್ಕು ಜನ ಇದ್ದರು.

ಹೊಸ ಯಂತ್ರ ಮಾತ್ರ ಬಂಗಾರ. ಮರದ ಗುಂಡು ಹಿಡಿಕೆಯೊಂದಿದೆ, ಅದನ್ನು ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ಮೊದಲು ಎರಡು ಬಾರಿನಲ್ಲಿ ಪುಡಿಯನ್ನು ನೆನೆಸುವುದು, ಆಮೇಲೆ ಒಂಬತ್ತಕ್ಕೆ ಏರಿಸುವುದು, ಕಾಫಿ ಬಣ್ಣ ತಿರುಗತೊಡಗಿದಾಗ ಆರಕ್ಕೆ ಇಳಿಸುವುದು. ಬಾರ್ ತೋರಿಸುವ ಮುಳ್ಳು ನಾನು ಹೇಳಿದಂತೆ ಕೇಳುತ್ತದೆ! ಮೊದಲ ದಿನ ನನಗೆ ಕಣ್ಣಲ್ಲಿ ನೀರೇ ಬಂತು. ತಡೆಯಲಾರದೆ ಮಾಳಿಗೆ ಹತ್ತಿ ಗೆಳೆಯನಿಗೆ ಫೋನು ಮಾಡಿದೆ. ಮಾಳಿಗೆಯ ಮೇಲೆ ಸಿಗ್ನಲ್ ಅಷ್ಟಕ್ಕಷ್ಟೇ, ಆದ್ದರಿಂದ ಕೂಗಿಯೇ ಮಾತಾಡಬೇಕು. “ಹೊಸಾ ಪಂಪ್ ಭಾರಿ ಐತಲೇ! ಸಪ್ಪಳ ಇಲ್ಲವೇ ಇಲ್ಲ. ಬಾಜೂ ಮನಿಗೂ ಗೊತ್ತಾಗಂಗಿಲ್ಲ! ಪ್ರೆಶರ್ ಪೂರಾ ನನ್ನ ಕೈಯಾಗ! ಎರಡರಿಂದ ಶುರು ಮಾಡಿ ಒಂಬತ್ತಕ್ಕ ಒಯ್ದೆ ನೋಡು!” ಎಂದೆ. ಹೇಳಿ ತಿರುಗಿದರೆ ಪಕ್ಕದ ಮಾಳಿಗೆಯಲ್ಲಿ ಚಾಚಿ ಮೆಣಸಿನಕಾಯಿ ಒಣಹಾಕುತ್ತ ಕೂತಿದ್ದಾರೆ. ನಕ್ಕೆ. ಅವರು ನಗಲಿಲ್ಲ. ನಮ್ಮೂರಿನಲ್ಲಿ ಪಂಪು, ಪ್ರೆಶರು ಎಂಬ ಎರಡು ಶಬ್ದ ಕೂಡಿದರೆ ಅದಕ್ಕಿರುವುದು ಒಂದೇ ಅರ್ಥ.

ನನ್ನ ಗ್ರಹಚಾರಕ್ಕೆ ಅದೇ ವಾರ ಓಣಿಯ ನಳಗಳಲ್ಲಿ ನೀರು ಸಣ್ಣಗಾಯಿತು. ಎರಡು ದಿನ ಬಿಟ್ಟು ದುರ್ಗಪ್ಪ ಬಂದು ನಿಂತ, ಟೋಪಿ ಕೈಯಲ್ಲಿ ತಿರುವುತ್ತಿದ್ದ. “ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮ್ಯಾಲ ಲಿಂಗಸುಗೂರಿನ ದೊಡ್ಡ ಆಫೀಸಿಗೆ ಅರ್ಜಿ ಹೋಗೈತಿ. ಸಾಹೇಬ್ರು ಸಪ್ಪಳ ಇಲ್ಲದ ಮೋಟರ್ ಹಚ್ಯಾರ ಅಂತ ಬರದಾರ. ನಾಡಿದ್ದು ನೀರು ಬಿಡೋ ಹೊತ್ತಿಗೆ ದೊಡ್ಡ ಸಾಹೇಬ್ರು ನಿಮ್ಮ ಮನಿಗೆ ಬರ್ತಾರಂತ.” “ನೀ ನಂಬ್ತೀಯೇನೋ?” ಎಂದೆ. ಅವನು ಟೋಪಿಯನ್ನೇ ನೋಡುತ್ತ, “ನಾ ಯಾಕ ನಂಬ್ಲಿರೀ... ಆದ್ರ ಹಂಗೇನರ ಇದ್ರ ಇವತ್ತ ಬಿಚ್ಚಿ ಇಟ್ಬಿಡೂಣು, ನಾ ಅದೀನಿ” ಎಂದ. ನಂಬಿದ್ದಾನೆ! ಹನ್ನೆರಡು ವರ್ಷ ಜೊತೆಗೆ ತಿರುಗಿದ ದುರ್ಗಪ್ಪನೇ ನಂಬಿದ್ದಾನೆ ಎಂದಮೇಲೆ ಇನ್ನು ಉಳಿದದ್ದೇನು?

ಆ ಎರಡು ದಿನ ನನಗೆ ಇದೇ ಯೋಚನೆ. ನೌಕರಿಯಲ್ಲಿ ನಾನು ಬೇರೇನೂ ಗಳಿಸಿಲ್ಲ ಸ್ವಾಮಿ, ಇವನು ನೀರು ಕದಿಯುವವನಲ್ಲ ಎಂಬ ಹೆಸರೊಂದನ್ನೇ ಗಳಿಸಿದ್ದು. ಅದು ಹೋದರೆ ನಾಳೆ ಯಾರ ಬಾಗಿಲು ಬಡಿಯಲಿ? ಮೋಟರ್ ಇಲ್ಲ ಎಂದು ತೋರಿಸಲು ಯಂತ್ರ ತೋರಿಸಬೇಕು. ಯಂತ್ರ ತೋರಿಸಿದರೆ, ಇದಕ್ಕೆ ನೀರೆಲ್ಲಿಂದ ಎಂದು ಕೇಳುತ್ತಾರೆ. ನಳದ್ದು ಎಂದರೆ ಪಂಪು ಹಚ್ಚಿ ನೀರೆಳೆದ ಕಳ್ಳ, ಕ್ಯಾನಿನದು ಎಂದರೆ ಇನ್ನೂ ದೊಡ್ಡ ಕಳ್ಳ. ಯಂತ್ರವನ್ನು ಸಂತೆಕಲ್ಲೂರಿಗೆ ಒಯ್ದು ಶಾಲೆಯ ಬೀರುವಿನಲ್ಲಿ ಮುಚ್ಚಿಡೋಣವೇ ಎಂದು ಸುಜಾತಾಳನ್ನು ಕೇಳಿದೆ. “ಬಸ್ಸಿನ್ಯಾಗ ಮತ್ತೊಮ್ಮೆ ಮೋಟರ್ ಲಗೇಜ್ ಅಂತ ಕೂಗಿಸ್ಕೊಳ್ಳಾಕೇನು? ಇದ್ದದ್ದು ಇದ್ದಂಗ ಹೇಳ್ರಿ” ಎಂದಳು. ಇದ್ದದ್ದು ಇದ್ದ ಹಾಗೆ ಹೇಳುವುದು ಟೀಚರುಗಳಿಗೆ ಸುಲಭ.

ಆ ದಿನ ಆರಕ್ಕೆ ಸರಿಯಾಗಿ ದೊಡ್ಡ ಸಾಹೇಬರು ಜೀಪಿನಿಂದ ಇಳಿದರು. ಹಿಂದೆ ದುರ್ಗಪ್ಪ, ಅವನ ಹಿಂದೆ ಚಾಚಿ, ಚಾಚಿಯ ಹಿಂದೆ ಕೊಡ ಹಿಡಿದ ಓಣಿ. ಸಾಹೇಬರು ಅಂಗಳದ ನಳ ನೋಡಿದರು, ಸಂಪಿನಲ್ಲಿ ಇಣುಕಿದರು, ಪೈಪು ತಟ್ಟಿದರು. ಏನೂ ಸಿಗಲಿಲ್ಲ. “ಒಳಗ ಐತ್ರಿ, ಅಡಗಿಮನ್ಯಾಗ” ಎಂದು ಚಾಚಿ ದಾರಿ ತೋರಿಸಿದರು. ನಾನು ಯಂತ್ರದ ಮೇಲಿನ ಬಟ್ಟೆ ಸರಿಸಿ, “ಸರ್, ಇದು ಕಾಫಿ ಮಷಿನ್” ಎಂದೆ. “ಇಷ್ಟು ದೊಡ್ಡದು, ಒಂದು ಕಪ್ ಕಾಫಿಗೆ?” ಎಂದು ಮೂಗಿನ ಮೇಲೆ ಬೆರಳಿಟ್ಟರು. “ಮಾಡಿ ತೋರಿಸ್ರಿ.” ಮಾಡಿದೆ. ಗಡಿಬಿಡಿಯಲ್ಲಿ ಪುಡಿ ಸೊಟ್ಟಗೆ ಕೂತಿತು, ಒಂಬತ್ತಕ್ಕೆ ಏರಿಸಿದ್ದೇ ತಡ ಪಿಚಕ್ಕನೆ ಚಿಮ್ಮಿ ಸಾಹೇಬರ ಬಿಳಿ ಅಂಗಿಯ ಮೇಲೆ ನಾಲ್ಕು ಹನಿ ಬಿದ್ದವು. ಹಿಂದಿನಿಂದ ಯಾರೋ ಹೆಂಗಸು, “ಅಯ್ಯ, ಇಂಥಾ ಪ್ರೆಶರ್ ನಮ್ಮ ನಳಕ್ಕ ಒಂದಿನ ಬರ್ಬಾರ್ದ?” ಎಂದಳು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

ಎರಡನೆಯ ಸಲ ಚೆನ್ನಾಗಿ ಇಳಿಯಿತು. ಸಾಹೇಬರು ಕುಡಿದು, ತುಟಿ ಸವರಿಕೊಂಡು, “ಅಡ್ಡಿಯಿಲ್ಲ. ನಳಕ್ಕ ಪೈಪ್ ಜೋಡಿಸಿಲ್ಲ, ಮೋಟರ್ ಅಲ್ಲ. ಅರ್ಜಿ ವಜಾ” ಎಂದರು. ಹೊರಡಲು ತಿರುಗಿದವರು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು. “ಅಂದಹಾಗ, ಇದಕ್ಕ ನೀರು ಯಾವುದು?”

ನನ್ನ ಕಣ್ಣು ತಾನಾಗಿಯೇ ಅಕ್ಕಿ ಡಬ್ಬಿಯ ಕಡೆ ಓಡಿತು. ನಾನು ಏನಾದರೂ ಹೇಳುವ ಮೊದಲೇ ಚಾಚಿ ಅಕ್ಕಿ ಡಬ್ಬಿಯ ಹಿಂದಿನ ದುಪಟ್ಟಾ ಎಳೆದರು. ಕ್ಯಾನು ಎಲ್ಲರಿಗೂ ಕಂಡಿತು. “ಯಾ ಅಲ್ಲಾ! ನಮಗ ನಳದ ನೀರು ಭಾಳ ಚಲೋ ಅಂತ ಹೇಳಿ, ನೀ ಕ್ಯಾನ್ ನೀರ್ ತರಸ್ತೀ ಏನ್ ಬೇಟಾ?” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಬೇಜಾರಿತ್ತು. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಸಾಹೇಬರು ಕಪ್ಪು ಕೆಳಗಿಟ್ಟು ನಿಧಾನವಾಗಿ ಕೇಳಿದರು: “ಈ ನೀರು ಕುಡಿಯಾಕ ಯೋಗ್ಯ, ರುಚಿ ಸರಿ ಐತಿ ಅಂತ ಪ್ರತಿ ತಿಂಗಳು ಸಹಿ ಮಾಡಿ ನನಗ ಕಳಸೋರು ಯಾರು?” “ನಾನೇ ಸರ್” ಎಂದೆ. “ಹಂಗಾದ್ರ ನಾಳೆಯಿಂದ ಮಷಿನ್ನಿಗೂ ಅದನ್ನ ಹಾಕ್ರಿ” ಎಂದು ಜೀಪು ಹತ್ತಿದರು. ನಮ್ಮ ಓಣಿಯ ನೀರು ಸಣ್ಣಗಾದದ್ದು ಮೂಲೆಯಲ್ಲಿ ಪೈಪು ಒಡೆದದ್ದಕ್ಕೆ ಎಂದು ದುರ್ಗಪ್ಪ ಮಧ್ಯಾಹ್ನ ಕಂಡುಹಿಡಿದ. ಆದರೆ ಅದನ್ನು ಕೇಳುವ ಉಮೇದು ಓಣಿಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಅಂದಿನಿಂದ ನಳದ ನೀರನ್ನೇ ಹಾಕುತ್ತಿದ್ದೇನೆ. ಚಾಚಿ ದಿನವೂ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ ಖಾತ್ರಿ ಮಾಡಿಕೊಳ್ಳುತ್ತಾರೆ. ಒಳಗೆ ಬಿಳಿ ಪದರು ಕಟ್ಟಿ ಯಂತ್ರದ ಮುಳ್ಳು ಮಂಕಾಗಿದೆ, ಎಷ್ಟು ತಿರುಗಿಸಿದರೂ ಏಳರ ಮೇಲೆ ಏರದು. ಸುಜಾತಾ ಮೂರು ದಿನ ಸಹಿಸಿಕೊಂಡಳು. ನಾಲ್ಕನೆಯ ದಿನ ಕಪ್ಪು ದೂಡಿ, “ಇದು ಉಪ್ಪಿನ ಸಾರು” ಎಂದಳು. ನನಗೂ ರೇಗಿತು. ಕಚೇರಿಯಲ್ಲಿ ಎಲ್ಲರಿಗೂ ಹೇಳಿ ರೂಢಿಯಾದ ಬಾಯಿಂದಲೇ, “ಬಾಯಿ ಮಾತು ನಡಿಯಂಗಿಲ್ಲ, ಏನಿದ್ರೂ ಬರದು ಕೊಡು” ಎಂದುಬಿಟ್ಟೆ.

ಟೀಚರಲ್ಲವೇ, ಬರೆದು ಕೊಟ್ಟಳು. ಅದೂ ನನ್ನ ಕೈಗಲ್ಲ, ಲಿಂಗಸುಗೂರಿಗೆ. ದುಂಡನೆಯ ಅಕ್ಷರದ ಆ ಅರ್ಜಿ ‘ಸ್ಥಳ ಪರಿಶೀಲಿಸಿ ಅರ್ಜಿದಾರರಿಗೆ ನೇರವಾಗಿ ಉತ್ತರಿಸುವುದು’ ಎಂಬ ಷರಾದೊಡನೆ ನನ್ನ ಟೇಬಲ್ಲಿಗೇ ಬಂತು. ನಾನು ನಿಯಮದಂತೆ ಸ್ಥಳಕ್ಕೆ ಹೋದೆ, ಅಂದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಒಂದು ಲೋಟ ನೀರು ಕುಡಿದು ಬಂದು, ‘ಖುದ್ದಾಗಿ ಪರಿಶೀಲಿಸಲಾಗಿದೆ. ನೀರು ರುಚಿಕರವಾಗಿದೆ. ದೂರಿನಲ್ಲಿ ಹುರುಳಿಲ್ಲ’ ಎಂದು ಬರೆದು ಸಹಿ ಹಾಕಿದೆ. ರಿಜಿಸ್ಟರ್ ಅಂಚೆಯಲ್ಲಿ ಅದು ಹೊರಟು ಇವತ್ತಿಗೆ ಎರಡು ದಿನ. ಪೋಸ್ಟ್‌ಮನ್ ಇವತ್ತೋ ನಾಳೆಯೋ ಬಾಗಿಲಿಗೆ ಬರುತ್ತಾನೆ, ಸಹಿ ಮಾಡಿ ತೆಗೆದುಕೊಳ್ಳುವುದು ಅವಳೇ. ಕಚೇರಿಯಲ್ಲಿ ಐದು ಹೊಡೆದಿದೆ, ಎಲ್ಲರೂ ಎದ್ದು ಹೋದರು. ನಾನು ಮಾತ್ರ ಇನ್ನೂ ಏನಾದರೂ ಕೆಲಸ ಉಳಿದಿದೆಯೇ ಎಂದು ಫೈಲು ತಿರುವುತ್ತ ಕೂತಿದ್ದೇನೆ.