ಈಟಿ ಹಿಡಿದ ಲಂಬಾಣಿ ಹೆಂಗಸು

ಶಿಕ್ಷಕಿಯಾಗಲು ನನಗೆ ಇನ್ನು ಸರ್ಟಿಫಿಕೇಟ್ ಒಂದೇ ಬಾಕಿ ಎಂದು ನಂಬಿದ್ದ ಕಾಲ. ಎಪ್ಪತ್ತರ ದಶಕ. ಬಿಜಾಪುರದ ಟ್ರೇನಿಂಗ್ ಕಾಲೇಜಿನಿಂದ ನನ್ನನ್ನೂ ಗೆಳತಿ ಶಮಶಾದಳನ್ನೂ ತಿಕೋಟಾದ ಒಂದು ಶಾಲೆಗೆ ಕಳಿಸಿದ್ದರು. ಮಕ್ಕಳಿಂದ ಲಂಬಾಣಿ ಸಂಸ್ಕೃತಿಯ ದೊಡ್ಡ ಚಿತ್ರ ಮಾಡಿಸಬೇಕು. ಶನಿವಾರ ಪರೀಕ್ಷಕರು ಬಂದು ಅಂಕ ಕೊಡುತ್ತಾರೆ.

ನಾನು ಬೆಳೆದದ್ದು ಬಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಲಂಬಾಣಿಗರನ್ನು ಸಂತೆಯಲ್ಲಿ ದೂರದಿಂದ ಕಂಡಿದ್ದೆ. ಅಷ್ಟು ಧಾರಾಳವಾಯಿತು ಎನಿಸಿತ್ತು.

"ಒಮ್ಮೆ ಅವರ ತಾಂಡಾಕ್ಕ ಹೋಗಿ ಕೇಳ್ಕೊಂಡು ಬರೂಣೇನ?" ಎಂದಳು ಶಮಶಾದ್.

"ಕಾಲೇಜಿನ ನೋಟ್ಸ್ ಅದಾವಲ್ಲ," ಎಂದೆ.

ನೋಟ್ಸಿನಲ್ಲಿ 'ಬುಡಕಟ್ಟು ಜನರು' ಎಂದಿತ್ತು. ಬುಡಕಟ್ಟು ಎಂದ ಮೇಲೆ ಕೈಯಲ್ಲಿ ಈಟಿ ಇರಲೇಬೇಕು. ಈಟಿ ಬಂದ ಮೇಲೆ ತಲೆಗೊಂದು ಗರಿ ಬೇಡವೇ? ಎಲ್ಲವನ್ನೂ ಬರೆಸಿದೆ. ಎಲ್ಲರಂತೆ ನೀಲಿ ಲಂಗ ತೊಟ್ಟ ಒಬ್ಬ ಹುಡುಗಿ ಹಿಂದಿನಿಂದ ಕೈ ಎತ್ತಿದಳು. "ಪ್ರಶ್ನೆ ಆಮ್ಯಾಲ, ಕುಂದ್ರು," ಎಂದು ಶಿಸ್ತು ಕಾಪಾಡಿದೆ.

ಶುಕ್ರವಾರ ಮಧ್ಯಾಹ್ನ ಆ ಹುಡುಗಿಗೆ ಬುತ್ತಿ ಕೊಡಲು ಅವಳ ತಾಯಿ ಗೌರಾಬಾಯಿ ಬಂದರು. ಕನ್ನಡಿ ಕೂರಿಸಿದ ಕಸೂತಿಯ ಲಂಗ, ಕೈತುಂಬ ಬಿಳಿ ಬಳೆ. ಬಾಗಿಲಲ್ಲೇ ನಿಂತು ಗೋಡೆಯ ಚಿತ್ರ ನೋಡಿದರು.

"ಇಕಿ ಯಾರ್ರಿ, ಅಕ್ಕೋರ?"

"ಲಂಬಾಣಿ ಹೆಂಗಸ್ರಿ," ಎಂದೆ.

ಗೌರಾಬಾಯಿ ಈಟಿಯ ಮೇಲೆ ಬೆರಳಿಟ್ಟರು. "ಇದನ್ನ ತಗೊಂಡು ಎಲ್ಲಿ ಹೊಂಟಾಳ? ಜ್ವಾಳ ಕೊಯ್ಯಾಕೇನ್ರಿ?"

ಮಕ್ಕಳು ನಕ್ಕರು. ಮಗಳು ಸೋನಾಬಾಯಿ ನಗಲಿಲ್ಲ, ನೆಲ ನೋಡುತ್ತಿದ್ದಳು. ಮೂರು ದಿನ ಅವಳನ್ನೇ ಎದುರಿಗೆ ಕೂರಿಸಿಕೊಂಡು ಅವಳ ಮನೆಯವರು ಹೇಗಿರುತ್ತಾರೆಂದು ಪಾಠ ಮಾಡಿದ್ದೆ.

"ಮೊದಲ ಹೇಳಬಾರದೇನವಾ?" ಎಂದೆ.

"ಕೈ ಎತ್ತಿದ್ನಿರಿ. ಕುಂದ್ರು ಅಂದ್ರಿ."

ಗೌರಾಬಾಯಿ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ನೆಲದ ಮೇಲೆ ಕೂತು, ಸೊಂಟದ ಚೀಲದಿಂದ ಬಟ್ಟೆ, ಸೂಜಿ, ದಾರ, ಚಿಕ್ಕ ಕನ್ನಡಿಗಳನ್ನು ತೆಗೆದರು. ಮಕ್ಕಳು ಸುತ್ತ ಸೇರಿದರು. ಸಂಜೆಯವರೆಗೆ ತಾಯಿ ಮಗಳು ಸೇರಿ ಅವರಿಗೆ ಹೊಲಿಗೆ ಕಲಿಸಿದರು. ನನಗೂ ಒಂದು ಸೂಜಿ ಕೊಟ್ಟರು. ಬಟ್ಟೆಯ ಜೊತೆಗೆ ನನ್ನ ಸೆರಗನ್ನೂ ಸೇರಿಸಿ ಹೊಲಿದೆ.

ಶನಿವಾರ ಪರೀಕ್ಷಕರು, ಈಟಿಯ ಚಿತ್ರ ತೆಗೆದು ಅದೇ ಗೋಡೆಗೆ ತೂಗುಹಾಕಿದ್ದ ಆ ಕಸೂತಿಯ ಮುಂದೆ ಬಹಳ ಹೊತ್ತು ನಿಂತರು.

"ಛಲೋ ಆಗೇತಿ. ಮಕ್ಕಳಿಗೆ ಯಾರು ಕಲಿಸಿದ್ರಿ?"

ಶಮಶಾದ್ ನನ್ನ ಮುಖ ನೋಡಿದಳು. ಸೋನಾಬಾಯಿಯೂ ನೋಡಿದಳು.

"ನಾನ್ರಿ," ಎಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಶಮಶಾದ್ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. ತರಗತಿಯಲ್ಲೇ ಅತಿ ಹೆಚ್ಚಿನ ಅಂಕ ನನಗೆ ಬಂದವು. ಅದೇ ಅಂಕಪಟ್ಟಿ ತೋರಿಸಿ ನೌಕರಿ ಹಿಡಿದೆ. ಆಮೇಲೆ ಮೂವತ್ತು ವರ್ಷ, ಸದಾ ನಿಜವನ್ನೇ ಹೇಳಬೇಕೆಂದು ಮಕ್ಕಳಿಗೆ ಕಲಿಸಿದೆ.