ಹಿಮದ ಕ್ಯಾಟಲಾಗು, ಮರಳಿನ ದಾರಿ

ಟ್ರ್ಯಾಕ್ಟರ್ ಮಾರುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಗಿರಾಕಿಯ ವೇಷದಲ್ಲಿ ಬಾಗಿಲು ತಳ್ಳಿಕೊಂಡು ಬರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನ ಖುರುಮ್‌ನಲ್ಲಿ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿದ್ದೆ. ಆಗ ಬಂದವಳು ಒಬ್ಬ ಒಮಾನಿ ಅಜ್ಜಿ.

ಕರಗುವುದಾದರೆ ತೆಗೆಯುವುದೇಕೆ?

ಅಜ್ಜಿಯ ಖರ್ಜೂರದ ತೋಟ ಇದ್ದದ್ದು ಮಸ್ಕತ್ತಿನಿಂದ ಬಹುದೂರ, ಮರಳುದಿಬ್ಬಗಳ ಅಂಚಿನಲ್ಲಿ. ಗಾಳಿ ಬೀಸಿದಾಗಲೆಲ್ಲ ಟಾರು ರಸ್ತೆಯಿಂದ ಮನೆಗೆ ಹೋಗುವ ದಾರಿ ಮರಳಿನಡಿ ಮಾಯವಾಗುತ್ತಿತ್ತು. ಟ್ರ್ಯಾಕ್ಟರ್ ಅವಳಲ್ಲೇ ಇತ್ತು. ಅದಕ್ಕೆ ಏನು ಕಟ್ಟಿದರೆ ದಾರಿ ತೆರೆದೀತು ಎಂಬುದು ಪ್ರಶ್ನೆ. ಮುಂದಿನ ತಿಂಗಳು ಮೊಮ್ಮಗನ ಮದುವೆ. ಮಸ್ಕತ್ತಿನಲ್ಲಿ ಆಫೀಸರಾಗಿದ್ದ ಮಗ, "ಆ ಮರಳಿನಲ್ಲಿ ಯಾರು ಬರುತ್ತಾರೆ? ಹೋಟೆಲಿನಲ್ಲಿ ಮಾಡೋಣ" ಎಂದು ಹಟ ಹಿಡಿದಿದ್ದ. ಮದುಮಗಳು ಮನೆಗೇ ಬರಬೇಕೆಂದು ಅಜ್ಜಿಯ ಹಟ. ಕೊನೆಗೆ, ಕಾರು ಬರುವಂತಾದರೆ ಮನೆ, ಇಲ್ಲವಾದರೆ ಹೋಟೆಲು ಎಂದು ಮಾತಾಗಿತ್ತು.

ನಮ್ಮ ಮ್ಯಾನೇಜರು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಎಂಥ ಸೆಕೆಯಲ್ಲೂ ಟೈ ಬಿಚ್ಚದವರು. ಅರಬ್ಬಿ ಭಾಷೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅವರು ಕ್ಯಾಟಲಾಗು ಬಿಡಿಸಿದರು. ಯಾವುದೋ ಚಳಿದೇಶದ್ದು. ಪುಟಪುಟದಲ್ಲೂ ಟ್ರ್ಯಾಕ್ಟರ್ ಮನೆಯೆದುರಿನ ಹಿಮ ತೆಗೆಯುತ್ತಿತ್ತು. ನಾವಿಬ್ಬರೂ ಹಿಮ ಕಂಡದ್ದು ಫ್ರಿಜ್ಜಿನೊಳಗೆ ಮಾತ್ರ.

"ಅಮ್ಮ, ಇದು ಎತ್ತಿ ಪಕ್ಕಕ್ಕೆ ಎಸೆಯುವ ಯಂತ್ರ."

"ಪಕ್ಕದ ತೋಟದವನ ಜೊತೆ ಮೊನ್ನೆಯಷ್ಟೇ ರಾಜಿಯಾಗಿದೆ. ಬೇರೆ ತೋರಿಸು." ಅಜ್ಜಿ ಚಿತ್ರವನ್ನೇ ನೋಡಿದಳು. "ಈ ಬಿಳಿಯದು ಹಾಗೇ ಬಿದ್ದಿರುತ್ತದಾ?"

"ಇಲ್ಲಮ್ಮ, ಬೇಸಿಗೆ ಬಂದರೆ ಕರಗಿ ಹೋಗುತ್ತದೆ."

"ತಾನಾಗಿ ಹೋಗುವುದಕ್ಕೆ ಟ್ರ್ಯಾಕ್ಟರಾ?" ಅಜ್ಜಿ ಕ್ಯಾಟಲಾಗು ಮುಚ್ಚಿದಳು. "ಇವರಿಗೆ ಸ್ವಲ್ಪ ತಾಳ್ಮೆ ಮಾರು ಮಗನೇ, ಸಾಕು."

ಗಾಳಿಗೆ ಕಫೀಲ್ ಇಲ್ಲ

ಮೊದಲ ಪ್ರಯೋಗಕ್ಕೆ ಹಿಂದೆ ಕಟ್ಟುವ ಬ್ಲೇಡು ಒಯ್ದೆವು. ನಾನು ಓಡಿಸಿದೆ, ಮ್ಯಾನೇಜರು ಟೈ ಹಾರಿಸಿಕೊಂಡು ಕೈಸನ್ನೆ ಮಾಡಿದರು. ದೋಸೆಕಾವಲಿ ಕೆರೆದ ಹಾಗೆ ದಾರಿ ಚೊಕ್ಕವಾಯಿತು. ಗೆದ್ದೆವೆಂದು ಒಳಗೆ ಹೋಗಿ ಕಾಹ್ವಾ ಎನ್ನುವ ಅರಬ್ಬಿ ಕಾಫಿ ಕುಡಿದು, ಖರ್ಜೂರ ತಿಂದು ಹೊರಬಂದರೆ ದಾರಿಯೇ ಇಲ್ಲ! ನಾವು ತೆಗೆದದ್ದು ಮನೆಯ ಎಡಕ್ಕೋ ಬಲಕ್ಕೋ ಎಂದು ನಮ್ಮಲ್ಲೇ ಚರ್ಚೆಯಾಯಿತು.

ಮ್ಯಾನೇಜರ ಮುಖ ನೋಡಿ ಅಜ್ಜಿಯೇ ಸಮಾಧಾನ ಹೇಳಿದಳು: "ನಿನ್ನ ಯಂತ್ರದ್ದೇನೂ ತಪ್ಪಿಲ್ಲ ಮಗನೇ. ನಿಮಗೆಲ್ಲ ವೀಸಾ ಕೊಟ್ಟ ಕಫೀಲ್ ಇದ್ದಾನೆ, ನಿಲ್ಲು ಎಂದರೆ ನಿಲ್ಲುತ್ತೀರಿ. ಗಾಳಿಗೆ ಯಾವ ಕಫೀಲ್?"

ಎಲ್ಲ ಕ್ಷೇಮ

ಮುಂದಿನ ಸಲ ಮುಂಭಾಗಕ್ಕೆ ಬಕೆಟ್ಟು ಕಟ್ಟಿದೆವು. ಆಸೆಬುರುಕನಂತೆ ನಾನು ಬಕೆಟ್ಟು ತುಂಬ ಮರಳೆತ್ತಿದೆ. ಆ ಭಾರಕ್ಕೆ ಮುಂದಿನ ಚಕ್ರಗಳು ಪೂರ್ತಿ ಹೂತುಹೋದವು. ಹಗ್ಗವೂ ಜನರೂ ಬೇಕೆಂದು ಮ್ಯಾನೇಜರನ್ನು ಮನೆಗೆ ಓಡಿಸಿದೆ.

ಆ ಕಡೆ ಒಂದು ಪದ್ಧತಿ. ಮನೆಗೆ ಬಂದವರನ್ನು "ಏನು ಸುದ್ದಿ?" ಎಂದು ಕೇಳುತ್ತಾರೆ. ಆಕಾಶವೇ ಬಿದ್ದಿದ್ದರೂ "ಸುದ್ದಿಯೇನಿಲ್ಲ, ಎಲ್ಲ ಕ್ಷೇಮ" ಎನ್ನಬೇಕು. ನಿಜ ಸುದ್ದಿ ಏನಿದ್ದರೂ ಕಾಹ್ವಾ ಮುಗಿದ ಮೇಲೆ. ಮ್ಯಾನೇಜರು ಮರ್ಯಾದಸ್ಥರು. ಏದುಸಿರು ಬಿಡುತ್ತಲೇ ಎಲ್ಲ ಕ್ಷೇಮ ಎಂದರು. ಮನೆಯವರ ಕ್ಷೇಮ, ಆಡುಗಳ ಕ್ಷೇಮ ವಿಚಾರಿಸಿದರು. ಲೋಟದ ಮೇಲೆ ಲೋಟ ಕುಡಿದು, ಸಾಕೆನ್ನಲು ಲೋಟ ಅಲ್ಲಾಡಿಸಿ ಇಟ್ಟು, ಆಮೇಲೆ ಮೆಲ್ಲಗೆ ಹೇಳಿದರು: "ಅಮ್ಮ, ಟ್ರ್ಯಾಕ್ಟರ್ ಹೂತುಹೋಗಿದೆ."

"ಕಿಟಕಿಯಿಂದ ಆಗಲೇ ನೋಡಿದೆ" ಎಂದಳು ಅಜ್ಜಿ. "ಹಗ್ಗ, ಜನ ಎಲ್ಲ ಹೊರಟು ಹೋಗಿಯೂ ಆಯಿತು. ನಿನಗೆ ಮರ್ಯಾದೆ ಎಷ್ಟು ಗೊತ್ತಿದೆ ಅಂತ ನೋಡುತ್ತಾ ಇದ್ದೆ."

ಕ್ಯಾಟಲಾಗಿನಲ್ಲಿಲ್ಲದ್ದು

ಕೊನೆಗೆ ಅಜ್ಜಿ ಬ್ಲೇಡನ್ನೇ ಆರಿಸಿದಳು. ಮದುವೆಯ ಹಿಂದಿನ ದಿನ ಗಾಳಿ ಸುಮ್ಮನಿತ್ತು, ದಾರಿ ಕನ್ನಡಿಯಂತಿತ್ತು. ನಮಗೂ ಮದುವೆಗೆ ಕರೆಯಿತ್ತು. ಬೆಳಗ್ಗೆ ಹೋಗಿ ನೋಡಿದರೆ ಗಾಳಿ ಎದ್ದು ದಾರಿಯನ್ನು ನುಂಗಿಬಿಟ್ಟಿತ್ತು. ಟಾರು ರಸ್ತೆಯಲ್ಲಿ ಮದುಮಗಳ ಕಡೆಯ ಕಾರುಗಳು ಸಾಲಾಗಿ ನಿಂತಿದ್ದವು. ಮಗ ಕೈಚೆಲ್ಲಿದ: "ಖಲಾಸ್ ಅಮ್ಮ. ಹೋಟೆಲಿಗೆ ಫೋನ್ ಮಾಡುತ್ತೇನೆ."

ಅಜ್ಜಿಗೆ ಮಾತ್ರ ಏನೂ ಆಗಿರಲಿಲ್ಲ. "ಬ್ಲೇಡ್ ಕಳಚು. ಮರಳಲ್ಲಿ ಹೂಳದ ಹಾಗೆ ಚಕ್ರದ ಗಾಳಿ ಸ್ವಲ್ಪ ಇಳಿಸು. ಖರ್ಜೂರದ ಟ್ರೈಲರ್ ಕಟ್ಟು. ಯಲ್ಲಾ, ಬೇಗ!" ಎಂದಳು. ಟ್ರೈಲರಿಗೆ ಮನೆಯ ರತ್ನಗಂಬಳಿಗಳೆಲ್ಲ ಬಂದವು, ಲೋಡುದಿಂಬು ಬಂದವು. ನಾನು ಸ್ಟಿಯರಿಂಗಿಗೆ ಕೂತೆ. ಮದುಮಗಳು ಅರಸಿಯಂತೆ ಮರಳಿನ ಮೇಲೆ ತೇಲಿ ಬಂದಳು. ನಾಲಗೆ ಆಡಿಸುತ್ತ ಹೆಂಗಸರು ಹಾಕಿದ ಹರ್ಷದ ಕೂಗಿಗೆ ಇಂಜಿನ್ನಿನ ಸದ್ದೇ ಕೇಳಿಸಲಿಲ್ಲ. ಕೊನೆಯ ಟ್ರಿಪ್ಪಿನಲ್ಲಿ ಆಫೀಸರು ಮಗನೂ ನಮ್ಮ ಮ್ಯಾನೇಜರೂ ಒಂದೇ ದಿಂಬಿಗೆ ಒರಗಿ ಬಂದರು.

ಅಜ್ಜಿ ಮ್ಯಾನೇಜರಿಗೆ ಹೇಳಿದಳು: "ನಿನ್ನ ಪುಸ್ತಕದ ತುಂಬ ದಾರಿಯಲ್ಲಿದ್ದದ್ದನ್ನು ಸರಿಸುವ ಯಂತ್ರಗಳು. ನನಗೆ ಬೇಕಾದದ್ದು ಜನ ಬರುವುದು. ಮರಳು ಅಲ್ಲೇ ಇರಲಿ ಬಿಡು."

"ಎಂಥಾ ತಲೆ ಮಾರಾಯ!" ಎಂದರು ಮ್ಯಾನೇಜರು ನನ್ನ ಕಿವಿಯಲ್ಲಿ. ಅಲ್ಲೇ ಅವಳ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿತು ನನಗೆ.

ಇನ್ನೊಬ್ಬ ಗಿರಾಕಿ

ಕೆಲವು ವಾರಗಳ ಬಳಿಕ ಒಬ್ಬರು ಶೋರೂಮಿಗೆ ಬಂದರು. ಅವರ ಮಗನಿಗೆ ಅದೇ ಮದುಮಗಳ ತಂಗಿಯನ್ನು ಗೊತ್ತು ಮಾಡಿದ್ದರಂತೆ. ಅಕ್ಕ ಟ್ರೈಲರಿನಲ್ಲಿ ಮೆರೆದು ಹೋದ ಮೇಲೆ ತಂಗಿಯನ್ನು ಬರೀ ಕಾರಿನಲ್ಲಿ ಕಳಿಸುವುದಿಲ್ಲವೆಂದು ಹೆಣ್ಣಿನ ಕಡೆಯವರು ಕೂತುಬಿಟ್ಟಿದ್ದಾರಂತೆ.

ಮ್ಯಾನೇಜರು ಖುಷಿಯಿಂದ ಟ್ರೈಲರ್ ತೋರಿಸಿದರು. "ನಿಮ್ಮ ಮನೆ ಎಷ್ಟು ಮರಳಿನೊಳಗೆ?"

"ಮರಳೆಲ್ಲಿ? ಬಾಗಿಲವರೆಗೂ ಟಾರು" ಎಂದರು ಅವರು ಬೇಸರದಿಂದ. "ಒಳ್ಳೆಯ ರಸ್ತೆಯಲ್ಲಿ ಟ್ರೈಲರಿನಲ್ಲಿ ತಂದರೆ ಜನ ನಗುವುದಿಲ್ಲವೇ? ಟಾರಿನ ಮೇಲೆ ಮರಳು ಹರಡುವ ಯಂತ್ರ ಯಾವುದಿದೆ, ಅದನ್ನೂ ತೋರಿಸಿ."